ಬಚ್ಚಲ ಹಂಡೆಯಿಂದ ಕರೆಂಟ್ ತೆಗೆಯಬಹುದೇ?

ಪ್ರಶ್ನೆ: ನಮ್ಮದು ಶಿರಸಿ ಹತ್ತಿರದ ಹಳ್ಳಿಯಲ್ಲಿ ತೋಟದ ಮನೆ. ಮಳೆಗಾಲದಲ್ಲಿ ಎಲ್ಲೋ ಒಂದು ಮರ ಬಿದ್ದರೆ ಕರೆಂಟ್ ಎರಡು ಮೂರು ದಿನ ನಾಪತ್ತೆ. ಮಾಡಿನ ಮೇಲೆ ಸೋಲಾರ್ ಪ್ಯಾನೆಲ್ ಇದೆ, ಆದರೆ ಜುಲೈ ತಿಂಗಳಲ್ಲಿ ಬಿಸಿಲೇ ಇರುವುದಿಲ್ಲ. ಬಚ್ಚಲ ಒಲೆ ಮಾತ್ರ ಬೆಳಿಗ್ಗೆ 5ರಿಂದ 9ರವರೆಗೆ, ಸಂಜೆ ಮತ್ತೆ ಮೂರು ತಾಸು ಉರಿಯುತ್ತದೆ. 100 ಲೀಟರಿನ ತಾಮ್ರದ ಹಂಡೆಯಲ್ಲಿ ನೀರು 80 ಡಿಗ್ರಿಗೆ ಬರುತ್ತದೆ. 80 ಡಿಗ್ರಿ ಬಿಸಿನೀರಿನಿಂದಲೇ ಕರೆಂಟ್ ತಯಾರಿಸುವ ಯಂತ್ರ ಇದೆ ಎಂದು ಒಂದು ವಿಡಿಯೋದಲ್ಲಿ ನೋಡಿದೆ. ಮನೆಗೆ 1 ಕಿಲೋವ್ಯಾಟ್ ಸಿಗಬಹುದೇ? ಅಷ್ಟು ಆಗದಿದ್ದರೆ ಎರಡು ಬಲ್ಬು, ಮೊಬೈಲು, ವೈಫೈಗಾದರೂ ಸಾಕಾದೀತೇ?

ಉತ್ತರ: ಬಲ್ಬಿಗೆ, ಮೊಬೈಲಿಗೆ ಸಾಕು. ಮೊಬೈಲ್ ಬಿಟ್ಟರೆ ಅದರ ಬದಲು ಸ್ವಲ್ಪ ಹೊತ್ತು ವೈಫೈ ಓಡುತ್ತದೆ. 1 ಕಿಲೋವ್ಯಾಟ್ ಮಾತ್ರ ಮರೆತುಬಿಡಿ. ಇನ್ನೊಂದು ಮಾತು, ಮುಖ್ಯವಾದದ್ದು: ಕರೆಂಟನ್ನು ಹಂಡೆಯಲ್ಲಿ ಕಾದು ನಿಂತ ನೀರಿನಿಂದ ತೆಗೆಯಲು ಹೋಗಬೇಡಿ. ಬೆಂಕಿಯಿಂದ ನೀರಿಗೆ ಶಾಖ ಹೋಗುತ್ತದಲ್ಲ, ಆ ದಾರಿಯಲ್ಲೇ ಸುಂಕದ ಕಟ್ಟೆ ಹಾಕಬೇಕು. ಯಾಕೆ ಅಂತ ಹೇಳುತ್ತೇನೆ.

ಮೊದಲು ಹಂಡೆಯ ಲೆಕ್ಕ. 100 ಲೀಟರ್ ನೀರು, 25 ಡಿಗ್ರಿಯಿಂದ 80 ಡಿಗ್ರಿಗೆ ಕಾದಿದೆ. ಅದರಲ್ಲಿ ಕೂಡಿಟ್ಟ ಶಾಖ ಸುಮಾರು 6.4 ಯೂನಿಟ್. ಕರೆಂಟ್ ಬಿಲ್ಲಿನಲ್ಲಿ ಬರುವ ಅದೇ ಯೂನಿಟ್. ಕೇಳಿದರೆ ಬಾಯಲ್ಲಿ ನೀರು ಬರುತ್ತದೆ, ಅಲ್ವಾ? ದಿನಕ್ಕೆ ಎರಡು ಸಲ ಕಾಯಿಸಿದರೆ ಹನ್ನೆರಡು ಯೂನಿಟ್ ದಾಟಿತು. ಇಡೀ ಮನೆಯೇ ನಡೆದೀತು.

ಆದರೆ ಶಾಖ ಬೇರೆ, ಕೆಲಸ ಬೇರೆ. ಫ್ರಾನ್ಸಿನ ಸಾದಿ ಕಾರ್ನೊ ಎಂಬ ಯುವ ಎಂಜಿನಿಯರ್ 1824ರಲ್ಲೇ ಇದನ್ನು ಬರೆದಿಟ್ಟ. ಅವನು ಕೊಟ್ಟ ಹೋಲಿಕೆ ನಿಮ್ಮ ಊರಿನವರಿಗೆ ಹೇಳಿ ಮಾಡಿಸಿದ್ದು. ಶಾಖವೂ ಬೀಳುವ ನೀರಿನ ಹಾಗೆ, ಎಷ್ಟು ನೀರಿದೆ ಅನ್ನುವಷ್ಟೇ ಎಷ್ಟು ಎತ್ತರದಿಂದ ಬೀಳುತ್ತದೆ ಅನ್ನುವುದೂ ಮುಖ್ಯ ಎಂದ. ಗದ್ದೆಯಲ್ಲಿ ನಿಂತ ನೀರು ಎಷ್ಟೇ ಇರಲಿ, ಅದರಿಂದ ಚಕ್ರ ತಿರುಗುವುದಿಲ್ಲ. ಗುಡ್ಡದಿಂದ ಬೀಳುವ ಸಣ್ಣ ಅಬ್ಬಿ ತಿರುಗಿಸುತ್ತದೆ. ಶಾಖಕ್ಕೆ ಆ ಎತ್ತರ ಎಂದರೆ ಬಿಸಿ ಕಡೆಗೂ ತಣ್ಣಗಿನ ಕಡೆಗೂ ಇರುವ ತಾಪಮಾನದ ಅಂತರ.

80 ಮತ್ತು 25 ಡಿಗ್ರಿಯ ನಡುವೆ ಕೆಲಸ ಮಾಡುವ ಯಾವ ಯಂತ್ರವೂ ಒಳಗೆ ಹೋದ ಶಾಖದಲ್ಲಿ ಶೇ. 15.6ಕ್ಕಿಂತ ಜಾಸ್ತಿಯನ್ನು ಕೆಲಸವಾಗಿ ಕೊಡುವುದಿಲ್ಲ. ಇದು ಕಂಪನಿಯ ಕೈಲಾಗದ ಮಾತಲ್ಲ, ಪ್ರಕೃತಿಯ ಕಟ್ಟಳೆ. ನಿಮ್ಮ ಹಂಡೆಯಲ್ಲಿ ಇನ್ನೂ ಒಂದು ಕಷ್ಟ ಇದೆ. ಶಾಖ ತೆಗೆದ ಹಾಗೆ ನೀರು ತಣ್ಣಗಾಗುತ್ತಾ ಹೋಗುತ್ತದೆ, ಅಬ್ಬಿಯ ಎತ್ತರವೇ ಇಳಿಯುತ್ತಾ ಬರುತ್ತದೆ. ಅದನ್ನೂ ಸೇರಿಸಿ ಲೆಕ್ಕ ಹಾಕಿದರೆ 6.4 ಯೂನಿಟ್ ಶಾಖದಿಂದ ದೇವರೇ ಬಂದು ಯಂತ್ರ ಕಟ್ಟಿದರೂ ಸಿಗುವುದು ಅರ್ಧ ಯೂನಿಟ್ ಮಾತ್ರ. ಮನುಷ್ಯರು ಕಟ್ಟಿದ ಸಣ್ಣ ಯಂತ್ರ ಅದರ ಮೂರನೇ ಒಂದು ಭಾಗ ಕೊಟ್ಟರೆ ಪುಣ್ಯ.

(ಅರ್ಧ ಯೂನಿಟ್ ಎಂದರೆ ಸುಮ್ನೆ ಅಲ್ಲ, ಅದನ್ನೂ ಹೇಳಿಬಿಡುತ್ತೇನೆ. ಅದೇ 100 ಲೀಟರ್ ನೀರನ್ನು ಸಮುದ್ರಮಟ್ಟದಿಂದ ಮುಳ್ಳಯ್ಯನಗಿರಿಯ ತುದಿಗೆ ಏರಿಸಲು ಸರಿಸುಮಾರು ಅಷ್ಟೇ ಶಕ್ತಿ ಬೇಕು. ನಾವು ಬಿಲ್ಲಿನಲ್ಲಿ ಯೂನಿಟ್ಟಿಗೆ ಕೆಲವು ರೂಪಾಯಿ ಕೊಟ್ಟು ಅದರ ಬೆಲೆಯನ್ನೇ ಮರೆತಿದ್ದೇವೆ.)

ಈಗ ನೀವು ವಿಡಿಯೋದಲ್ಲಿ ನೋಡಿದ ಯಂತ್ರ. ಅದರ ಹೆಸರು ಆರ್ಗ್ಯಾನಿಕ್ ರಾಂಕಿನ್ ಸೈಕಲ್, ಸುಲಭಕ್ಕೆ ಓಆರ್‌ಸಿ. ಸಾವಯವ ಕೃಷಿಗೂ ಇದಕ್ಕೂ ಸಂಬಂಧ ಇಲ್ಲ. ನೀರಿನ ಬದಲು ಬೇಗ ಕುದಿಯುವ ಇಂಗಾಲದ ಸಂಯುಕ್ತವೊಂದನ್ನು ಬಳಸುತ್ತಾರೆ, ಅಷ್ಟೇ. 80 ಡಿಗ್ರಿಯಲ್ಲಿ ನೀರಿನ ಆವಿಯ ಒತ್ತಡ ಅರ್ಧ ವಾಯುಭಾರಕ್ಕೂ ಕಮ್ಮಿ, ಅದರಿಂದ ಟರ್ಬೈನ್ ತಳ್ಳಲು ಆಗುವುದಿಲ್ಲ. ಹಳೇ ಫ್ರಿಜ್ಜುಗಳಲ್ಲಿ ಇರುತ್ತಿದ್ದ ಆರ್-134ಎ ಅನಿಲ ಅದೇ 80 ಡಿಗ್ರಿಯಲ್ಲಿ 26 ಬಾರ್ ಒತ್ತುತ್ತದೆ (ಒಂದು ಬಾರ್ ಎಂದರೆ ಹೆಚ್ಚುಕಡಿಮೆ ಒಂದು ವಾಯುಭಾರ). 30 ಡಿಗ್ರಿಗೆ ತಂದು ತಣಿಸಿದರೆ ಎಂಟು ಬಾರ್‌ಗೂ ಕೆಳಗೆ ಇಳಿದು ದ್ರವವಾಗುತ್ತದೆ. ಈ ಎರಡು ಒತ್ತಡಗಳ ನಡುವೆ ಟರ್ಬೈನ್ ಕೂರಿಸುತ್ತಾರೆ. ತಣಿದ ದ್ರವವನ್ನು ಪಂಪು ಮತ್ತೆ ಬಿಸಿ ಕಡೆಗೆ ತಳ್ಳುತ್ತದೆ. ಫ್ರಿಜ್ಜನ್ನು ತಿರುಗುಮುರುಗು ಓಡಿಸಿದ ಹಾಗೆ.

ಇದು ಹೊಸದೇನಲ್ಲ. 1961ರಲ್ಲಿ ರೋಮ್‌ನಲ್ಲಿ ನಡೆದ ವಿಶ್ವಸಂಸ್ಥೆಯ ಸಮ್ಮೇಳನದಲ್ಲಿ ಇಸ್ರೇಲಿನ ಹ್ಯಾರಿ ಟಾಬರ್ ಮತ್ತು ಲೂಸಿಯನ್ ಬ್ರೊನಿಕಿ ಬಿಸಿಲಿನ ಶಾಖದಿಂದ ಓಡುವ ಇಂಥ ಸಣ್ಣ ಟರ್ಬೈನ್ ತೋರಿಸಿದ್ದರು. 1967ರಲ್ಲಿ ಸೋವಿಯತ್ ಒಕ್ಕೂಟದವರು ಕಮ್ಚಾಟ್ಕಾದ ಪರಾತುಂಕಾದಲ್ಲಿ 81 ಡಿಗ್ರಿಯ ಬಿಸಿನೀರಿನಿಂದ ವಿದ್ಯುತ್ ತೆಗೆದರು. ನಮ್ಮಲ್ಲೂ ಪ್ರಯತ್ನ ಆಗಿದೆ. ಹಿಮಾಚಲದ ಮಣಿಕರಣ್‌ನ ಬಿಸಿನೀರಿನ ಬುಗ್ಗೆಯಲ್ಲಿ 5 ಕಿಲೋವ್ಯಾಟ್‌ನ ಪ್ರಾಯೋಗಿಕ ಯಂತ್ರ ಓಡಿತ್ತು. ಅದನ್ನು ಮಾಡಿದ್ದು ಬೆಂಗಳೂರಿನ ಎನ್‌ಎಎಲ್, ಅಂದರೆ ವಿಮಾನಗಳ ಬಗ್ಗೆ ಸಂಶೋಧನೆ ಮಾಡುವ ಸಂಸ್ಥೆ. ತೆಲಂಗಾಣದ ಮಣುಗೂರಿನಲ್ಲಿ ಕಲ್ಲಿದ್ದಲಿಗಾಗಿ ಕೊರೆದ ಬಾವಿಯಲ್ಲಿ ಬಿಸಿನೀರು ಉಕ್ಕಿದಾಗ ಸಿಂಗರೇಣಿ ಕಂಪನಿ ಅಲ್ಲಿ 20 ಕಿಲೋವ್ಯಾಟ್‌ನ ಘಟಕ ಹಾಕಿತು.

ಇವುಗಳಲ್ಲಿ ನನಗೆ ತುಂಬ ಇಷ್ಟವಾದದ್ದು ಅಲಾಸ್ಕಾದ ಚೀನಾ ಹಾಟ್ ಸ್ಪ್ರಿಂಗ್ಸ್. (ಚೀನಾ ದೇಶ ಅಲ್ಲ, ಊರಿನ ಹೆಸರೇ ಹಾಗೆ.) ಅಲ್ಲಿ ನೆಲದಿಂದ ಬರುವ ನೀರು ಬರೀ 74 ಡಿಗ್ರಿ, ನಿಮ್ಮ ಹಂಡೆಗಿಂತ ತಣ್ಣಗೆ! 2006ರಲ್ಲಿ ಅಲ್ಲಿ 200 ಕಿಲೋವ್ಯಾಟ್‌ನ ಯಂತ್ರ ಶುರುವಾಯಿತು. ದೊಡ್ಡ ಕಟ್ಟಡಗಳ ಏಸಿ ಯಂತ್ರದ ಕಂಪ್ರೆಸರನ್ನೇ ಸ್ವಲ್ಪ ಬದಲಿಸಿ ಟರ್ಬೈನ್ ಮಾಡಿಕೊಂಡಿದ್ದರು. ಅಲ್ಲಿಯವರೆಗೆ ಡೀಸೆಲ್ ಜನರೇಟರ್ ನಂಬಿದ್ದ ಜಾಗ ಅದು.

ಹಾಗಾದರೆ ನಮಗೆ ಯಾಕೆ ಆಗುವುದಿಲ್ಲ ಎನ್ನುತ್ತೀರಿ. ಚೀನಾದ ಲೆಕ್ಕ ನೋಡಿ. ಒಂದೊಂದು ಯಂತ್ರಕ್ಕೆ ನಿಮಿಷಕ್ಕೆ 1,900 ಲೀಟರ್ ಬಿಸಿನೀರು ಹರಿಯುತ್ತದೆ. ಅಂದರೆ ನಿಮ್ಮ ಹಂಡೆಯಂಥ 19 ಹಂಡೆ, ಪ್ರತಿ ನಿಮಿಷ, ಹಗಲೂ ರಾತ್ರಿ, ಸೌದೆ ಇಲ್ಲದೆ. ಇನ್ನೊಂದು ಕಡೆ ತಣಿಸಲು 4 ಡಿಗ್ರಿಯ ಹಳ್ಳದ ನೀರು. ಸುಮಾರು 2,500 ಕಿಲೋವ್ಯಾಟ್ ಶಾಖ ಒಳಗೆ ಹೋಗಿ 200 ಹೊರಗೆ ಬರುತ್ತದೆ, ಶೇ. 8. ಶಾಖ ಪುಕ್ಕಟೆ ಬಂದಿದ್ದಕ್ಕೆ ಶೇ. 8 ಸಾಕಾಯಿತು.

ನಿಮ್ಮ ಮನೆಯ ಅಳತೆಗೆ ಇಳಿಸಿದರೆ ಶೇ. 5 ಸಿಕ್ಕರೂ ಒಳ್ಳೆಯ ಕೆಲಸ. 1 ಕಿಲೋವ್ಯಾಟ್ ಬೇಕೆಂದರೆ 20 ಕಿಲೋವ್ಯಾಟ್ ಶಾಖ ಎಡೆಬಿಡದೆ ಕೊಡಬೇಕು. ಒಳ್ಳೆಯ ಬಾಯ್ಲರ್ ಕಟ್ಟಿಸಿದರೂ ತಾಸಿಗೆ ಎಂಟು ಕಿಲೋ ಒಣ ಸೌದೆ ಬೇಕು. ಬಚ್ಚಲ ಒಲೆಯಲ್ಲಾದರೆ ಅದರ ಎರಡು ಪಟ್ಟು. ಮಳೆಗಾಲದಲ್ಲಿ ಒಣ ಸೌದೆಯ ಬೆಲೆ ನಿಮಗೇ ಗೊತ್ತು. ಅದೂ ಸಾಲದೆ, ಉಳಿದ 19 ಕಿಲೋವ್ಯಾಟ್ ಶಾಖವನ್ನು ಎಲ್ಲಾದರೂ ಚೆಲ್ಲಬೇಕು. ಅದಕ್ಕೆ ಪಂಪು, ಫ್ಯಾನು ಬೇಕು. ಅವಕ್ಕೂ ಕರೆಂಟ್ ಬೇಕು, ಅದು ನೀವು ತೆಗೆದ 1 ಕಿಲೋವ್ಯಾಟ್‌ನಿಂದಲೇ ಹೋಗಬೇಕು.

ಈ ಮನೆಖರ್ಚಿನ ಲೆಕ್ಕವನ್ನು ಜಾಹೀರಾತಿನಲ್ಲಿ ಯಾರೂ ಹೇಳುವುದಿಲ್ಲ. ಆಸ್ಟ್ರೇಲಿಯಾದ ಮರುಭೂಮಿಯ ಬರ್ಡ್ಸ್‌ವಿಲ್ ಎಂಬ ಸಣ್ಣ ಊರಿನಲ್ಲಿ 98 ಡಿಗ್ರಿಯ ಕೊಳವೆಬಾವಿ ನೀರಿನಿಂದ ಇಂಥ ಘಟಕ ಬಹಳ ವರ್ಷ ಓಡಿತು. ಅದು ಹುಟ್ಟಿಸುತ್ತಿದ್ದದ್ದು 120 ಕಿಲೋವ್ಯಾಟ್, ತಾನೇ ತಿನ್ನುತ್ತಿದ್ದದ್ದು 40, ಊರಿಗೆ ಸಿಗುತ್ತಿದ್ದದ್ದು 80. ಇದಕ್ಕಿಂತ ಕೆಟ್ಟ ಕತೆ ಜಾರ್ಜ್ ಕ್ಲಾಡ್‌ನದ್ದು. ನಿಯಾನ್ ದೀಪ ಕೊಟ್ಟ ಫ್ರೆಂಚ್ ವಿಜ್ಞಾನಿ ಅವನು. 1930ರಲ್ಲಿ ಕ್ಯೂಬಾದ ತೀರದಲ್ಲಿ ಸಮುದ್ರದ ಮೇಲಿನ ಬೆಚ್ಚಗಿನ ನೀರು, ಆಳದ ತಣ್ಣೀರು ಇವೆರಡರ ಅಂತರದಿಂದ 22 ಕಿಲೋವ್ಯಾಟ್ ತೆಗೆದು ತೋರಿಸಿದ. ದೀಪ ಉರಿಯಿತು. ಆದರೆ ಪಂಪುಗಳು ಅದಕ್ಕಿಂತ ಜಾಸ್ತಿ ತಿನ್ನುತ್ತಿದ್ದವು.

ನಿಮ್ಮ ಪ್ರಶ್ನೆ ಓದುವಾಗ ಪುತ್ತೂರಿನ ಬೆಂದ್ರ್ ತೀರ್ಥ ನೆನಪಾಯಿತು. ಅದರ ಬಗ್ಗೆಯೂ ನನ್ನನ್ನು ಆಗಾಗ ಕೇಳುತ್ತಾರೆ. ತುಳುವಿನಲ್ಲಿ ಬೆಂದ್ರ್ ಎಂದರೆ ಬಿಸಿನೀರು. ಹೆಸರಿನಷ್ಟು ಬಿಸಿ ಅದಿಲ್ಲ. ಮೈಗೆ ಹಿತವಾಗುವಷ್ಟು ಬೆಚ್ಚಗಿನ ನೀರು, ಅಷ್ಟೇ. ಸ್ನಾನ ಮಾಡಿ ಬನ್ನಿ, ಕರೆಂಟ್ ಕೇಳಬೇಡಿ.

ಇಷ್ಟು ಹೇಳಿ ನಿಮ್ಮ ಉತ್ಸಾಹ ಇಳಿಸಿಬಿಟ್ಟೆ. ಈಗ ಆಗುವ ಕೆಲಸಕ್ಕೆ ಬರೋಣ.

ಥರ್ಮೋಎಲೆಕ್ಟ್ರಿಕ್ ಮಾಡ್ಯೂಲ್ ನೋಡಿರಬಹುದು. ನಾಲ್ಕು ಸೆಂಟಿಮೀಟರ್ ಚೌಕದ ಬಿಳಿ ಬಿಲ್ಲೆ, ಎರಡು ವಯರ್. ಎರಡು ಬೇರೆ ಬೇರೆ ಲೋಹಗಳನ್ನು ಬೆಸೆದು ಒಂದು ತುದಿ ಬಿಸಿ, ಇನ್ನೊಂದು ತುದಿ ತಣ್ಣಗೆ ಇಟ್ಟರೆ ಕರೆಂಟ್ ಹುಟ್ಟುತ್ತದೆ. ಜರ್ಮನಿಯ ಸೀಬೆಕ್ 1821ರಲ್ಲಿ ಕಂಡ ಸಂಗತಿ ಇದು. ಈಗಿನ ಬಿಲ್ಲೆಗಳಲ್ಲಿ ಲೋಹದ ಬದಲು ಬಿಸ್ಮತ್ ಟೆಲ್ಯುರೈಡ್ ಎಂಬ ಅರೆವಾಹಕದ ನೂರಾರು ಪುಟ್ಟ ಕಾಲುಗಳಿರುತ್ತವೆ. ತಿರುಗುವ ಭಾಗ ಒಂದೂ ಇಲ್ಲ. ಎಣ್ಣೆ ಬೇಡ, ಸದ್ದಿಲ್ಲ. 1950ರ ದಶಕದಲ್ಲಿ ಕರೆಂಟ್ ಕಾಣದ ಸೋವಿಯತ್ ಹಳ್ಳಿಗಳಲ್ಲಿ ಸೀಮೆಎಣ್ಣೆ ದೀಪದ ಚಿಮಣಿಯ ಮೇಲೆ ಇಂಥದ್ದನ್ನು ಕಿರೀಟದ ಹಾಗೆ ಕೂರಿಸಿ ರೇಡಿಯೋ ಕೇಳುತ್ತಿದ್ದರು. ಸುಮಾರು ಮೂರು ವ್ಯಾಟ್. ಈಗ ಚಾರಣಿಗರು ಒಯ್ಯುವ ಬಯೋಲೈಟ್ ಒಲೆ ಕೊಡುವುದೂ ಎರಡು ಮೂರು ವ್ಯಾಟ್. 1977ರಲ್ಲಿ ಹೊರಟ ವಾಯೇಜರ್ ಬಾಹ್ಯಾಕಾಶ ನೌಕೆಗಳು ಇವತ್ತಿಗೂ ಓಡುತ್ತಿರುವುದು ಇದೇ ತತ್ವದಲ್ಲಿ, ಪ್ಲುಟೋನಿಯಂ ಶಾಖದಿಂದ.

ಕೊಳ್ಳುವ ಮುಂಚೆ ಒಂದು ಮೋಸ ತಿಳಿದಿರಲಿ. ಆನ್‌ಲೈನ್‌ನಲ್ಲಿ ಜಾಸ್ತಿ ಸಿಗುವ ಎಸ್‌ಪಿ 1848 ಎಂಬ ಬಿಲ್ಲೆಗೆ ಹೀಗೆ ಬರೆದಿರುತ್ತಾರೆ: 100 ಡಿಗ್ರಿ ಅಂತರದಲ್ಲಿ 4.8 ವೋಲ್ಟ್, 669 ಮಿಲಿಆಂಪ್. ಗುಣಿಸಿದರೆ 3.2 ವ್ಯಾಟ್. ಆದರೆ ಆ 4.8 ವೋಲ್ಟ್ ಸಿಗುವುದು ವಯರಿಗೆ ಏನನ್ನೂ ಜೋಡಿಸದಿದ್ದಾಗ. ಆ 669 ಮಿಲಿಆಂಪ್ ಸಿಗುವುದು ಎರಡು ವಯರ್ ನೇರ ಮುಟ್ಟಿಸಿದಾಗ. ಎರಡೂ ಒಟ್ಟಿಗೆ ಎಂದೂ ಸಿಗುವುದಿಲ್ಲ. ಬಲ್ಬೋ ಬ್ಯಾಟರಿಯೋ ಜೋಡಿಸಿದಾಗ ಜಾಸ್ತಿ ಎಂದರೆ ಆ ಗುಣಲಬ್ಧದ ಕಾಲು ಭಾಗ, 0.8 ವ್ಯಾಟ್. 40 ಡಿಗ್ರಿ ಅಂತರದ ಅಂಕಿ 1.8 ವೋಲ್ಟ್, 368 ಮಿಲಿಆಂಪ್. ಅಂದರೆ ನಿಜವಾಗಿ 0.17 ವ್ಯಾಟ್. ಅಂತರ ಅರ್ಧವಾದರೆ ವಿದ್ಯುತ್ ಕಾಲು ಭಾಗಕ್ಕೆ ಇಳಿಯುತ್ತದೆ, ಇದನ್ನು ಗೋಡೆ ಮೇಲೆ ಬರೆದುಕೊಳ್ಳಿ. ಇನ್ನು ಟಿಇಸಿ 12706 ಎಂಬುದು ತಣ್ಣಗೆ ಮಾಡಲು ಇರುವ ಬಿಲ್ಲೆ. ಅಗ್ಗಕ್ಕೆ ಸಿಗುತ್ತದೆ, ಕರೆಂಟೂ ಕೊಡುತ್ತದೆ, ಆದರೆ ಅದರೊಳಗಿನ ಬೆಸುಗೆ ಸಾಮಾನ್ಯವಾಗಿ 138 ಡಿಗ್ರಿಗೆ ಕರಗುತ್ತದೆ.

ಇದು ನನಗೆ ಹೇಗೆ ಗೊತ್ತು ಎಂದರೆ, ನಾನೇ ಕರಗಿಸಿದ್ದೇನೆ. ಬಹಳ ವರ್ಷದ ಹಿಂದೆ ಮಾವನ ಮನೆಯ ಬಚ್ಚಲಲ್ಲಿ ಆರು ಬಿಲ್ಲೆಗಳನ್ನು ಹಂಡೆಯ ಹೊರಮೈಗೆ ಅಂಟಿಸಿ ಶುರುಮಾಡಿದೆ. ಒಳಗೆ 80 ಡಿಗ್ರಿ ನೀರು, ಹೊರಗೆ ತಣ್ಣಗಿನ ಮಳೆಗಾಲದ ಗಾಳಿ, 55 ಡಿಗ್ರಿ ಅಂತರ ಎಂದುಕೊಂಡೆ. ಬಿಲ್ಲೆಯ ಎರಡು ಬದಿಯನ್ನು ಅಳೆದರೆ ಇದ್ದದ್ದು ಹನ್ನೆರಡೇ ಡಿಗ್ರಿ. ಗಾಳಿಗೆ ಶಾಖ ಒಯ್ಯುವ ತಾಕತ್ತು ಅಷ್ಟಕ್ಕಷ್ಟೆ. ಶಾಖ ಚೆಲ್ಲಲು ಬಿಲ್ಲೆಯ ಹೊರಬದಿಗೆ ಹಾಕಿದ್ದ ಲೋಹದ ರೆಕ್ಕೆಗಳೇ ಬಿಸಿಯಾಗಿ ಕೂತಿದ್ದವು. ಆರು ಬಿಲ್ಲೆ ಸೇರಿ ಒಂದು ಸಣ್ಣ ಕೆಂಪು ದೀಪ ಮಿಣುಕಿತು. ಮರುದಿನ ಸಿಟ್ಟಿನಲ್ಲಿ ಅವನ್ನೇ ಒಲೆಯ ಬಾಯಿಗೆ ಹಿಡಿದೆ. ಹತ್ತು ನಿಮಿಷ ಚೆನ್ನಾಗಿ ಬಂತು. ಆಮೇಲೆ ಒಂದೊಂದಾಗಿ ಸತ್ತವು. ಸರಣಿಯಲ್ಲಿ ಜೋಡಿಸಿದ್ದೆ, ಒಂದು ಸತ್ತರೆ ಎಲ್ಲವೂ ಸತ್ತ ಹಾಗೆ. ಅತ್ತೆ ಏನೂ ಹೇಳಲಿಲ್ಲ, ಮಿಂದು ಬಾ ಎಂದರು.

ಆ ಎರಡು ತಪ್ಪುಗಳ ನಡುವೆಯೇ ಸರಿಯಾದ ಜಾಗ ಇದೆ. ಬಿಸಿ ಬದಿಗೆ ಬೆಂಕಿಯ ಶಾಖ, ಆದರೆ ನೇರ ಜ್ವಾಲೆ ಅಲ್ಲ. ತಣ್ಣನೆ ಬದಿಗೆ ನೀರು, ಗಾಳಿ ಅಲ್ಲ. ಗಾಳಿಗೆ ಹೋಲಿಸಿದರೆ ನೀರು ಶಾಖವನ್ನು ಎಷ್ಟೋ ಪಟ್ಟು ಸಲೀಸಾಗಿ ಎಳೆದುಕೊಳ್ಳುತ್ತದೆ.

ಹಂಡೆಯನ್ನು ದಾಟಿ ಹೊಗೆ ಹೊರಹೋಗುವ ಜಾಗವನ್ನು ಆರಿಸಿಕೊಳ್ಳಿ. ಅಲ್ಲಿ ಹೊಗೆಯ ಬಿಸಿ ಸುಮಾರು 200ರಿಂದ 300 ಡಿಗ್ರಿ ಇರುತ್ತದೆ. ಗೋಡೆಯಲ್ಲಿ ಒಂದು ಕಿಟಕಿ ಬಿಡಿಸಿ, ಅದಕ್ಕೆ ಹತ್ತು ಹನ್ನೆರಡು ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಹಲಗೆ ಕೂರಿಸಿ. ಹಲಗೆಯ ಒಳಮೈಗೆ ಹೊಗೆಯನ್ನು ತಡೆದು ಶಾಖ ಹಿಡಿಯುವ ರೆಕ್ಕೆಗಳಿರಲಿ. ಹೊರಮೈಯಲ್ಲಿ ಬಿಲ್ಲೆಗಳು, ಅವುಗಳ ಮೇಲೆ ನೀರು ಹರಿಯುವ ಅಲ್ಯೂಮಿನಿಯಂ ಪೆಟ್ಟಿಗೆ. ಇಲ್ಲಿಗೆ 300 ಡಿಗ್ರಿ ತಾಳುವ ಒಳ್ಳೆಯ ಬಿಲ್ಲೆಯೇ ಬೇಕು. ಅಗ್ಗದವಕ್ಕಿಂತ ಹತ್ತಾರು ಪಟ್ಟು ದುಬಾರಿ, ಆದರೆ ಇಲ್ಲಿ ಜಿಪುಣತನ ಮಾಡಿದರೆ ನನ್ನ ಕತೆಯೇ. 300 ಮತ್ತು 30 ಡಿಗ್ರಿಯ ನಡುವೆ 14 ವ್ಯಾಟ್ ಎಂದು ಬರೆದ ಐದೂವರೆ ಸೆಂಟಿಮೀಟರಿನ ಬಿಲ್ಲೆ ಸಿಗುತ್ತದೆ. ಹೊಗೆ 300 ಡಿಗ್ರಿ ಇದ್ದರೂ ಹಲಗೆ ಅಷ್ಟು ಕಾಯುವುದಿಲ್ಲ. ಹಾಗಾಗಿ ಒಂದೊಂದಕ್ಕೆ ಎರಡರಿಂದ ಮೂರು ವ್ಯಾಟ್ ಸಿಕ್ಕರೆ ಚೆನ್ನಾಗಿ ಕಟ್ಟಿದ್ದೀರಿ ಎಂದರ್ಥ. ನಾಲ್ಕು ಹಾಕಿದರೆ ಎಂಟರಿಂದ ಹನ್ನೆರಡು ವ್ಯಾಟ್.

ಈ ವ್ಯವಸ್ಥೆಯ ಚಂದ ಇರುವುದು ನೀರಿನಲ್ಲಿ. ನಿಮ್ಮ ಕಡೆ ಬಹಳ ಮನೆಗಳಿಗೆ ಗುಡ್ಡದಿಂದ ಅಬ್ಬಿ ನೀರು ತಾನಾಗಿ ಇಳಿದು ಬರುತ್ತದೆ. ಮುಂಚೆ ಅಡಿಕೆ ದಬ್ಬೆಯಲ್ಲಿ, ಈಗ ಪೈಪಿನಲ್ಲಿ. ಪಂಪು ಬೇಡ, ಮನೆಖರ್ಚು ಸೊನ್ನೆ. ಕ್ಲಾಡ್‌ಗೆ ಇಲ್ಲದ ಅದೃಷ್ಟ ನಿಮಗಿದೆ. ಆ ನೀರು ಮೊದಲು ಪೆಟ್ಟಿಗೆಯಲ್ಲಿ ಹರಿದು ಬಿಲ್ಲೆಗಳನ್ನು ತಣಿಸಲಿ, ಆಮೇಲೆ ಹಂಡೆಗೆ ಬೀಳಲಿ. ನಾಲ್ಕು ಬಿಲ್ಲೆಗಳ ಮೂಲಕ ನಾಲ್ಕೈದು ನೂರು ವ್ಯಾಟ್ ಶಾಖ ದಾಟುತ್ತದೆ. ಅದರಲ್ಲಿ ಹತ್ತು ವ್ಯಾಟ್ ಕರೆಂಟ್, ಉಳಿದದ್ದೆಲ್ಲ ನೀರಿಗೆ. ನಿಮಿಷಕ್ಕೆ ಮುಕ್ಕಾಲು ಲೀಟರಿನ ಸಣ್ಣ ಧಾರೆ ಬಿಟ್ಟರೆ ಹಂಡೆಗೆ ಬರುವ ನೀರು ಸುಮಾರು ಹತ್ತು ಡಿಗ್ರಿ ಬೆಚ್ಚಗಾಗಿ ಬರುತ್ತದೆ. ಶೇ. 2ರ ದಕ್ಷತೆ ಎಂದು ಪುಸ್ತಕದವರು ಮೂಗು ಮುರಿಯಬಹುದು. ಉಳಿದ ಶೇ. 98ರಲ್ಲಿ ನೀವು ಮೀಯುತ್ತೀರಿ, ನಷ್ಟ ಎಲ್ಲಿ ಬಂತು? ಸುಂಕದ ಕಟ್ಟೆ ಎಂದದ್ದು ಇದಕ್ಕೇ.

ಕಟ್ಟುವಾಗ ಎಡವುವುದು ಹೆಚ್ಚಾಗಿ ಒತ್ತಡದಲ್ಲಿ. ಬಿಲ್ಲೆ ಮತ್ತು ಲೋಹದ ನಡುವೆ ಕೂದಲೆಳೆ ಗಾಳಿ ಉಳಿದರೂ ಅಂತರ ಅಲ್ಲೇ ಸೋರಿಹೋಗುತ್ತದೆ. ಹಲಗೆ ಸಪಾಟಾಗಿರಬೇಕು, ಶಾಖ ದಾಟಿಸುವ ಥರ್ಮಲ್ ಪೇಸ್ಟ್ ತೆಳ್ಳಗೆ ಹಚ್ಚಬೇಕು. ಚದರ ಸೆಂಟಿಮೀಟರಿಗೆ ಹತ್ತು ಕಿಲೋ ಲೆಕ್ಕದಲ್ಲಿ ಬಿಗಿಯಬೇಕು. ಐದೂವರೆ ಸೆಂಟಿಮೀಟರಿನ ಬಿಲ್ಲೆಗೆ ಅದು ಮೂರು ಕ್ವಿಂಟಲ್ ಆಯಿತು! ನಾಲ್ಕು ಮೂಲೆಗೆ ಬೋಲ್ಟ್, ಅದರಡಿ ಸ್ಪ್ರಿಂಗ್ ವಾಷರ್ ಹಾಕಿ ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ತಿರುಗಿಸಿ. ಒಂದೇ ಮೂಲೆ ಬಿಗಿದರೆ ಬಿಲ್ಲೆ ಹಪ್ಪಳದ ಹಾಗೆ ಮುರಿಯುತ್ತದೆ. ಸ್ಪ್ರಿಂಗ್ ಯಾಕೆ ಎಂದರೆ, ಬಿಸಿಯಾದಾಗ ಲೋಹ ಹಿಗ್ಗುತ್ತದೆ, ಗಟ್ಟಿ ಬೋಲ್ಟು ಜಾಗ ಬಿಡುವುದಿಲ್ಲ.

ಇನ್ನು ಮಸಿ. ಮಳೆಗಾಲದ ಹಸಿ ಸೌದೆ, ಅಡಿಕೆ ಸಿಪ್ಪೆ ಸುಟ್ಟರೆ ರೆಕ್ಕೆಗಳ ಮೇಲೆ ಜಿಗುಟು ಕಪ್ಪು ಕೂರುತ್ತದೆ. ಅದು ಕಂಬಳಿ ಹೊದಿಸಿದ ಹಾಗೆ, ಶಾಖ ಒಳಗೆ ಬಿಡುವುದಿಲ್ಲ. ಹಲಗೆಯನ್ನು ಬಿಚ್ಚಿ ತೆಗೆಯುವ ಹಾಗೆ ಮಾಡಿಕೊಳ್ಳಿ, ವಾರಕ್ಕೊಮ್ಮೆ ಕೆರೆಯಿರಿ.

ಒಂದು ಎಚ್ಚರಿಕೆ ಜೋರಾಗಿಯೇ ಹೇಳುತ್ತೇನೆ. ನೀರಿನ ಪೆಟ್ಟಿಗೆಯಿಂದ ಹೊರಹೋಗುವ ಬಾಯಿ ಯಾವತ್ತೂ ತೆರೆದಿರಬೇಕು. ಅಲ್ಲಿ ನಲ್ಲಿ, ವಾಲ್ವ್ ಏನೂ ಹಾಕಬೇಡಿ. ಬೆಂಕಿ ಉರಿಯುವಾಗ ನೀರು ಒಳಗೆ ಸಿಕ್ಕಿಕೊಂಡರೆ ಆವಿಯಾಗಿ ಪೆಟ್ಟಿಗೆ ಸಿಡಿಯುತ್ತದೆ. ಅಬ್ಬಿ ಪೈಪಿಗೆ ಎಲೆ ಕಟ್ಟಿ ನೀರು ನಿಲ್ಲುವುದು ನಿಮ್ಮಲ್ಲಿ ದಿನನಿತ್ಯದ ಕತೆ. ನೀರು ನಿಂತರೆ ಮೊದಲು ಸೌದೆ ಎಳೆಯಿರಿ, ಆಮೇಲೆ ಪೈಪು ನೋಡಲು ಹೋಗಿ.

ವಯರಿಂಗ್ ಸುಲಭ. ನಾಲ್ಕು ಬಿಲ್ಲೆ ಸರಣಿಯಲ್ಲಿ, ಅಲ್ಲಿಂದ ವೋಲ್ಟೇಜನ್ನು ಹದಕ್ಕೆ ತರುವ ಡಿಸಿ ಕನ್ವರ್ಟರ್, ಅಲ್ಲಿಂದ 12 ವೋಲ್ಟಿನ ಸಣ್ಣ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ. ಇನ್ವರ್ಟರಿಗೆ ಹೋಗಲೇಬೇಡಿ. ಅದು ಸುಮ್ಮನೆ ಆನ್ ಆಗಿ ಕೂತರೂ ನಿಮ್ಮ ಹತ್ತು ವ್ಯಾಟನ್ನು ನುಂಗಬಹುದು. ಬಲ್ಬು 12 ವೋಲ್ಟ್ ಡಿಸಿಯದ್ದೇ ತನ್ನಿ. ವೈಫೈ ರೂಟರುಗಳೂ ಹೆಚ್ಚಾಗಿ 12 ವೋಲ್ಟಿನವೇ, ಅಡಾಪ್ಟರ್ ಮೇಲೆ ಬರೆದಿರುತ್ತದೆ.

ದಿನಕ್ಕೆ ಏಳು ತಾಸು ಒಲೆ, ಸರಾಸರಿ ಎಂಟು ವ್ಯಾಟ್. 56 ವ್ಯಾಟ್-ತಾಸು. ಕನ್ವರ್ಟರ್, ಬ್ಯಾಟರಿಯ ಸೋರಿಕೆ ಕಳೆದರೆ 45 ಕೈಗೆ ಬರುತ್ತದೆ. ಮೂರು ವ್ಯಾಟಿನ ಎರಡು ಬಲ್ಬು ಐದು ತಾಸು ಉರಿದರೆ 30 ಹೋಯಿತು. ಉಳಿದ 15ರಲ್ಲಿ ಒಂದು ಮೊಬೈಲು ಹೆಚ್ಚುಕಡಿಮೆ ತುಂಬುತ್ತದೆ. ಮೊಬೈಲ್ ಬೇಡ ಎಂದರೆ ಎಂಟು ವ್ಯಾಟಿನ ರೂಟರ್ ಎರಡು ತಾಸಿಗೆ ಸ್ವಲ್ಪ ಕಮ್ಮಿ ಓಡುತ್ತದೆ. ಮನೆಯಲ್ಲಿ ಇದರ ಬಗ್ಗೆ ಜಗಳ ಆದರೆ ನನ್ನನ್ನು ಕರೆಯಬೇಡಿ.

ಸ್ಟರ್ಲಿಂಗ್ ಎಂಜಿನ್ ಬಗ್ಗೆಯೂ ನೀವು ಕೇಳಿರುತ್ತೀರಿ, ಬಿಸಿ ಚಹಾ ಲೋಟದ ಮೇಲೆ ಇಟ್ಟರೆ ಗರಗರ ತಿರುಗುವ ಆ ಆಟಿಕೆ. 1816ರಲ್ಲಿ ಸ್ಕಾಟ್ಲೆಂಡಿನ ಪಾದ್ರಿ ರಾಬರ್ಟ್ ಸ್ಟರ್ಲಿಂಗ್ ಕೊಟ್ಟ ಎಂಜಿನ್ನಿನ ಮರಿ ಅದು. ನೋಡಲು ಬಹಳ ಚಂದ. ಅದರ ಶಕ್ತಿ ಮಿಲಿವ್ಯಾಟ್‌ನಲ್ಲಿ. ಮಕ್ಕಳಿಗೆ ತಂದುಕೊಡಿ.

ಇನ್ನೊಬ್ಬರು ಮುಂದೆ ಕೇಳುವ ಮುಂಚೆ ಇದನ್ನೂ ಹೇಳಿಬಿಡುತ್ತೇನೆ: ಮಾಡಿನ ಮೇಲಿನ ಸೋಲಾರ್ ವಾಟರ್ ಹೀಟರ್‌ನಿಂದಲೂ ಕರೆಂಟ್ ತೆಗೆಯಲು ಹೋಗಬೇಡಿ. ಎರಡು ಚದರ ಮೀಟರಿನ ಹೀಟರ್ ನಡುಮಧ್ಯಾಹ್ನ ಸುಮಾರು ಒಂದು ಕಿಲೋವ್ಯಾಟ್ ಶಾಖ ಹಿಡಿಯುತ್ತದೆ. ಅದರಿಂದ ಶೇ. 5ರಂತೆ 50 ವ್ಯಾಟ್. ಅಷ್ಟೇ ಜಾಗದಲ್ಲಿ ಪ್ಯಾನೆಲ್ ಹಾಕಿದರೆ 400 ವ್ಯಾಟ್. ಗುಜರಾತಿನ ಭುಜ್‌ನಲ್ಲಿ ಬಿಸಿಲಿನ ಶಾಖ ಹಿಡಿದಿಡುವ 6,000 ಚದರ ಮೀಟರಿನ ಉಪ್ಪುನೀರಿನ ಸೋಲಾರ್ ಕೊಳ ಮಾಡಿದವರು ಇದನ್ನು ಸರಿಯಾಗಿ ತಿಳಿದಿದ್ದರು. ಬಿಸಿನೀರನ್ನು ಕರೆಂಟ್ ಮಾಡಲು ಹೋಗದೆ ಪಕ್ಕದ ಡೇರಿಗೆ ಬಿಸಿನೀರಾಗಿಯೇ ಕೊಟ್ಟರು.

ಕೊನೆಗೆ, ನೀವು ಕೇಳದ ಒಂದು ಮಾತು. ಮಳೆಗಾಲದಲ್ಲಿ ನಿಮ್ಮ ಮನೆ ಹಿಂದಿನ ಗುಡ್ಡದಲ್ಲಿ ನೀರು ಹರಿಯುತ್ತದೆ, ಅಲ್ವಾ? ಸೆಕೆಂಡಿಗೆ ಒಂದೇ ಲೀಟರ್ ನೀರು 20 ಮೀಟರ್ ಕೆಳಗೆ ಪೈಪಿನಲ್ಲಿ ಇಳಿದರೆ, ಅರ್ಧ ಪೋಲಾದರೂ, 100 ವ್ಯಾಟ್. ಅದೂ ಏಳು ತಾಸಲ್ಲ, ಇಪ್ಪತ್ತನಾಲ್ಕು ತಾಸು. ದಿನಕ್ಕೆ 2.4 ಯೂನಿಟ್. ಇಡೀ ಹಂಡೆಯಿಂದ ದೇವರು ತೆಗೆಯಬಹುದಾದದ್ದರ ನಾಲ್ಕೂವರೆ ಪಟ್ಟು. ಸೆಕೆಂಡಿಗೆ ಹತ್ತು ಲೀಟರ್ ಇದ್ದರೆ ನೀವು ಕೇಳಿದ 1 ಕಿಲೋವ್ಯಾಟ್ ಅಲ್ಲೇ ಇದೆ. ಪಿಕೋ ಹೈಡ್ರೋ ಎಂಬ ಹೆಸರಿನಲ್ಲಿ ಇಂಥ ಪುಟ್ಟ ಟರ್ಬೈನುಗಳು ಮಲೆನಾಡಿನ ಎಷ್ಟೋ ತೋಟದ ಮನೆಗಳಲ್ಲಿ ತಿರುಗುತ್ತಿವೆ. ಬಿಸಿಲಿಲ್ಲದ, ಕರೆಂಟಿಲ್ಲದ ಆ ಮೂರು ನಾಲ್ಕು ತಿಂಗಳೇ ಅವಕ್ಕೆ ಸುಗ್ಗಿ.

ಹಾಗಾಗಿ ಒಲೆ ಒಡೆಯುವ ಮುಂಚೆ ಒಂದು ಕೆಲಸ ಮಾಡಿ. ಜುಲೈಯಲ್ಲಿ ಒಂದು ದಿನ 15 ಲೀಟರಿನ ಬಕೆಟ್ ತೆಗೆದುಕೊಂಡು ಹಳ್ಳದ ಹತ್ತಿರ ಹೋಗಿ, ಪೂರ್ತಿ ಧಾರೆಯನ್ನು ಅದಕ್ಕೆ ಹಿಡಿಯಿರಿ. ತುಂಬಲು ಎಷ್ಟು ಸೆಕೆಂಡ್ ಬೇಕಾಯಿತು ಎಂದು ಮೊಬೈಲಿನಲ್ಲಿ ನೋಡಿ. ಗಾರೆಯವರ ಹತ್ತಿರ ಮಟ್ಟ ನೋಡುವ ನೀರಿನ ಪೈಪ್ ಇರುತ್ತದೆ, ಅದರಲ್ಲಿ ಅಲ್ಲಿಂದ ಮನೆಯವರೆಗಿನ ಇಳಿಜಾರು ಅಳೆಯಿರಿ. ಒಲೆಯ ಹೊಗೆಬಾಯಿಯ ಬಿಸಿಯನ್ನೂ ಒಂದು ವಾರ ಬರೆದಿಡಿ, ಉರಿ ಹಚ್ಚಿದ ಅರ್ಧ ತಾಸಿಗೆ ಒಮ್ಮೆ, ಎರಡು ತಾಸಿಗೆ ಇನ್ನೊಮ್ಮೆ. ಬಕೆಟ್ 15 ಸೆಕೆಂಡಿನೊಳಗೆ ತುಂಬಿ, ಇಳಿಜಾರು 20 ಮೀಟರ್ ಇದ್ದರೆ ಟರ್ಬೈನಿಗೆ ಹೋಗಿ. ಇಲ್ಲವಾದರೆ ಆ ಒಂದು ವಾರದ ಅಂಕಿಗಳನ್ನು ಕಳಿಸಿ, ಎಷ್ಟು ಬಿಲ್ಲೆ ಬೇಕು ಎಂದು ಲೆಕ್ಕ ಹಾಕಿ ಹೇಳುತ್ತೇನೆ.